ಕಸದಿಂದ ಎಣ್ಣೆ: ಕೊಳಗ ಯಾರ ಕೈಯಲ್ಲಿ?

ಕಳೆದ ತಿಂಗಳು ನಮ್ಮ ಪುರಭವನದಲ್ಲಿ ಒಂದು ಪ್ರದರ್ಶನ ನಡೆಯಿತು. ಹೊರ ಊರಿನ ಕಂಪನಿಯೊಂದರ ಪ್ರತಿನಿಧಿಗಳು ನಗರಸಭೆಯ ಸದಸ್ಯ ಮಹಾಶಯರ ಎದುರಿಗೆ ಮೇಜಿನ ಮೇಲೆ ಒಂದು ಗಾಜಿನ ಸೀಸೆಯನ್ನಿಟ್ಟರು. ಸೀಸೆಯೊಳಗೆ ಕಷಾಯದ ಬಣ್ಣದ ಎಣ್ಣೆ. ಅದರಲ್ಲಿ ಬತ್ತಿಯನ್ನದ್ದಿ ಕಡ್ಡಿ ಗೀರಿದರು. ಬತ್ತಿ ಹತ್ತಿಕೊಂಡಿತು, ಸಭೆ ಚಪ್ಪಾಳೆ ತಟ್ಟಿತು. ಊರ ಹೊರಗಿನ ತಿಪ್ಪೆಯಲ್ಲಿ ಕೊಳೆಯದೆ, ಕರಗದೆ ಬಿದ್ದಿರುವ ಪ್ಲಾಸ್ಟಿಕ್ ಕಸವೇ ಈ ಎಣ್ಣೆಯ ಮೂಲವೆಂದೂ, ನಗರಸಭೆ ಜಾಗವನ್ನೂ ಕಸವನ್ನೂ ಕೊಟ್ಟರೆ ಸಾಕು, ಇಪ್ಪತ್ತು ವರ್ಷ ಕಸದ ಚಿಂತೆಯೇ ಇಲ್ಲವೆಂದೂ ಅವರು ಹೇಳಿದರು.

ಸಭೆ ಮುಗಿಸಿ ಹೊರಗೆ ಬಂದಾಗ, ಗೋಣಿಚೀಲವನ್ನು ಹೆಗಲಿಗೇರಿಸಿ ಕಿಟಕಿಯ ಬಳಿ ನಿಂತಿದ್ದ ಹೆಣ್ಣುಮಗಳೊಬ್ಬಳು ನಮ್ಮನ್ನು ತಡೆದಳು. ದಿನಬೆಳಗಾದರೆ ಬಸ್ ನಿಲ್ದಾಣದ ಸುತ್ತಮುತ್ತ ಹಾಲಿನ ಕವರು, ನೀರಿನ ಬಾಟಲಿಗಳನ್ನು ಆಯ್ದು ಗುಜರಿ ಅಂಗಡಿಗೆ ಹಾಕಿ ಬದುಕುವವಳು ಆಕೆ. ಅವಳ ಮಗ ಒಂದು ಕಾಲದಲ್ಲಿ ನಮ್ಮ ತರಗತಿಯಲ್ಲಿ ಕುಳಿತವನು.

“ಮೇಷ್ಟ್ರೇ, ಆ ಮಿಸನ್ನು ಹಾಲಿನ ಕವರೂ ತಿಂತದಾ?” ಎಂದು ಕೇಳಿದಳು.

“ತಿನ್ನುತ್ತದಮ್ಮಾ. ಎಲ್ಲಕ್ಕಿಂತ ಮೊದಲು ಅದನ್ನೇ ತಿನ್ನುತ್ತದೆ” ಎಂದೆವು.

“ಹಂಗಾದ್ರೆ ನಮ್ಗೇನು ಉಳೀತು?”

ಈ ಪ್ರಶ್ನೆಯನ್ನು ಪುರಭವನದೊಳಗೆ ಒಬ್ಬರೂ ಕೇಳಿರಲಿಲ್ಲ. ಇಂದಿನ ಸಂಪಾದಕೀಯ ಅವಳ ಪ್ರಶ್ನೆಗೆ ಉತ್ತರ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಆ ಸೀಸೆಯಲ್ಲಿದ್ದುದು ಕಣ್ಕಟ್ಟಲ್ಲ, ನಿಜವಾದ ಎಣ್ಣೆಯೇ. ಯಂತ್ರವೆಂದೊಡನೆ ಕಲ್ಲು ಹುಡುಕುವವರ ಪೈಕಿ ನಾವಲ್ಲ. ಈ ಕೆಲಸ ನಡೆಯುವ ಬಗೆ ಹಳ್ಳಿಯವರಿಗೆ ತೀರ ಹೊಸದೂ ಅಲ್ಲ. ನಮ್ಮ ಕಡೆ ಇದ್ದಲು ಸುಡುವವರು ಸೌದೆಯನ್ನು ಗುಂಡಿಯಲ್ಲಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಗಾಳಿಯಾಡದಂತೆ ಮಾಡಿ ಕಾವು ಕೊಡುತ್ತಾರೆ. ಗಾಳಿ ಸಿಕ್ಕಿದರೆ ಸೌದೆ ಉರಿದು ಬೂದಿಯಾಗುತ್ತಿತ್ತು. ಗಾಳಿ ಸಿಗದ್ದರಿಂದ ಇದ್ದಲಾಗುತ್ತದೆ. ಭಟ್ಟಿ ಇಳಿಸುವವರು ಕುದಿಯುವ ಹಂಡೆಯಿಂದ ಏಳುವ ಹಬೆಯನ್ನು ತಣ್ಣನೆಯ ಕೊಳವೆಯಲ್ಲಿ ಹಾಯಿಸಿ ಹನಿಹನಿಯಾಗಿ ಇಳಿಸಿಕೊಳ್ಳುತ್ತಾರೆ. ಈ ಎರಡು ಕೆಲಸಗಳನ್ನು ಒಂದು ಉಕ್ಕಿನ ಪಾತ್ರೆಯಲ್ಲಿ ಕೂಡಿಸಿದರೆ ಪ್ಲಾಸ್ಟಿಕ್ಕಿನಿಂದ ಎಣ್ಣೆ ತೆಗೆಯುವ ಯಂತ್ರವಾಗುತ್ತದೆ. ಗಾಳಿಯಿಲ್ಲದೆ ಸುಮಾರು 400ರಿಂದ 500 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದಾಗ ಪ್ಲಾಸ್ಟಿಕ್ಕಿನ ಉದ್ದುದ್ದದ ಅಣುಗಳ ಸರಪಳಿ ತುಂಡುತುಂಡಾಗುತ್ತದೆ. ತುಂಡುಗಳು ಹಬೆಯಾಗಿ ಮೇಲೇಳುತ್ತವೆ. ತಣಿಸಿದಾಗ ದ್ರವವಾಗುವ ಭಾಗ ಎಣ್ಣೆ. ದ್ರವವಾಗದೆ ಉಳಿಯುವ ಅನಿಲವನ್ನು ಅದೇ ಒಲೆಗೆ ಉರುವಲಾಗಿ ಬಳಸಬಹುದು. ತಳದಲ್ಲಿ ಕರಿ ಉಳಿಯುತ್ತದೆ. ಪ್ಲಾಸ್ಟಿಕ್ ಹುಟ್ಟಿದ್ದೇ ಕಚ್ಚಾ ತೈಲದಿಂದ ಮತ್ತು ನೈಸರ್ಗಿಕ ಅನಿಲದಿಂದ. ಹೀಗಾಗಿ ಅದು ಎಣ್ಣೆಯಾಗುವುದೆಂದರೆ ತವರಿಗೆ ಮರಳಿದಂತೆ; ಅದರಲ್ಲಿ ಪವಾಡವೇನಿಲ್ಲ.

ನಮ್ಮ ದೇಶದ ವಿಜ್ಞಾನಿಗಳೂ ಇದನ್ನು ಮಾಡಿ ತೋರಿಸಿದ್ದಾರೆ. ಡೆಹರಾಡೂನಿನಲ್ಲಿರುವ ಭಾರತೀಯ ಪೆಟ್ರೋಲಿಯಂ ಸಂಸ್ಥೆ, ಸಾರ್ವಜನಿಕ ರಂಗದ ಗೇಲ್ ಸಂಸ್ಥೆಯ ನೆರವಿನಿಂದ, 2019ರ ಆಗಸ್ಟ್ ತಿಂಗಳಲ್ಲಿ ದಿನಕ್ಕೆ 1 ಟನ್ ಪ್ಲಾಸ್ಟಿಕ್ ಕಸದಿಂದ ಸುಮಾರು 800 ಲೀಟರ್ ಡೀಸೆಲ್ ತೆಗೆಯುವ ಘಟಕವನ್ನು ಆರಂಭಿಸಿತು. ಸಾರ್ವಜನಿಕ ಹಣದಲ್ಲಿ, ಸರಕಾರಿ ಪ್ರಯೋಗಶಾಲೆಯಲ್ಲಿ ಬೆಳೆದ ಈ ವಿದ್ಯೆಯನ್ನು ಗೌರವಿಸಬೇಕಾದದ್ದೇ.

ಆದರೆ ಗೌರವಿಸುವುದು ಬೇರೆ, ಮರುಳಾಗುವುದು ಬೇರೆ. ಪುರಭವನದಲ್ಲಿ “ದೇಶದ ಇಂಧನದ ಬರವೇ ನೀಗುತ್ತದೆ” ಎಂಬ ಮಾತೂ ಬಂತು. ಶಾಲೆಯ ಹಲಗೆಯ ಮೇಲೆ ಮಾಡುವ ಲೆಕ್ಕವನ್ನೇ ಇಲ್ಲಿ ಮಾಡೋಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರದಿಯ ಪ್ರಕಾರ 2020-21ರಲ್ಲಿ ಇಡೀ ದೇಶದಲ್ಲಿ ಹುಟ್ಟಿದ ಪ್ಲಾಸ್ಟಿಕ್ ಕಸ ಸುಮಾರು 41 ಲಕ್ಷ ಟನ್. ಅದರಲ್ಲಿ ಒಂದು ಚೂರೂ ಬಿಡದೆ ಎಲ್ಲವನ್ನೂ ಡೆಹರಾಡೂನಿನ ಲೆಕ್ಕದಲ್ಲೇ ಡೀಸೆಲ್ ಮಾಡಿದೆವೆನ್ನೋಣ. ಟನ್ನಿಗೆ 800 ಲೀಟರಿನಂತೆ ಸಿಗುವುದು 328 ಕೋಟಿ ಲೀಟರ್. ದೇಶ 2023-24ರಲ್ಲಿ ಸುಟ್ಟ ಡೀಸೆಲ್ಲಾದರೋ ಸುಮಾರು 9 ಕೋಟಿ ಟನ್, ಅಂದರೆ 10,000 ಕೋಟಿ ಲೀಟರಿಗೂ ಮೇಲೆ. ನೂರು ಲೀಟರಿಗೆ ಮೂರು ಲೀಟರ್ ಆಯಿತು! ಅದೂ ಕಸವೆಲ್ಲ ತೊಳೆದು ಒಣಗಿಸಿ ಸಿಕ್ಕಿದರೆ, ಯಂತ್ರ ಒಂದು ದಿನವೂ ನಿಲ್ಲದಿದ್ದರೆ. ಇಂಧನದ ಬರ ನೀಗಿಸುವ ಮಾತು ಇಲ್ಲಿಗೇ ಮುಗಿಯಿತು. ಕಸದ ಬಾಧೆಯನ್ನು ಇದು ಎಷ್ಟು ತಗ್ಗಿಸುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದಷ್ಟೇ ಇನ್ನು ಉಳಿದ ಪ್ರಶ್ನೆ.

ಇಲ್ಲಿ ನಮ್ಮ ಗೋಣಿಚೀಲದ ತಾಯಿಯ ಮಾತಿಗೆ ಮರಳಬೇಕು. ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ಹಾಲಿನ ಕವರು, ಎಣ್ಣೆ ಕ್ಯಾನು ಪಾಲಿಥಿಲೀನ್. ಕೊಡ, ಕುರ್ಚಿ, ಸಿಮೆಂಟು ಚೀಲ ಪಾಲಿಪ್ರೊಪಿಲೀನ್. ಇವುಗಳಲ್ಲಿ ಇಂಗಾಲ ಮತ್ತು ಜಲಜನಕವಲ್ಲದೆ ಮುಖ್ಯವಾಗಿ ಬೇರೇನೂ ಇಲ್ಲ. ಎಣ್ಣೆ ಚೆನ್ನಾಗಿ ಇಳಿಯುವುದು ಇವುಗಳಿಂದಲೇ. ನೀರಿನ ಬಾಟಲಿಯ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಆಮ್ಲಜನಕವೂ ಸೇರಿರುವುದರಿಂದ ಎಣ್ಣೆಗೆ ಅದು ಒದಗುವುದಿಲ್ಲ. ಪಿ.ವಿ.ಸಿ. ಪೈಪಿನ ಚೂರು ಒಳಹೊಕ್ಕರೆ ಅದರೊಳಗಿನ ಕ್ಲೋರಿನ್ ಆಮ್ಲವಾಗಿ ಪಾತ್ರೆಯನ್ನೇ ತಿನ್ನುತ್ತದೆ. ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟಲೂ ದಾರಿಯಾಗುತ್ತದೆ. ಚಿಪ್ಸಿನ ಪೊಟ್ಟಣ, ಪಾನ್ ಮಸಾಲೆಯ ಚೀಟಿಗಳಂಥ ಪದರಪದರದ ಸರಕಿನಲ್ಲಿ ಅಲ್ಯೂಮಿನಿಯಂ ತಗಡು ಸೇರಿರುವುದರಿಂದ ಎಣ್ಣೆ ಕಡಿಮೆ, ತಳದ ಕಸರು ಹೆಚ್ಚು.

ಈಗ ಗುಜರಿ ಅಂಗಡಿಗೆ ಹೋಗಿ ನೋಡಿ. ಅಲ್ಲಿ ಬೆಲೆ ಇರುವುದು ಯಾವುದಕ್ಕೆ? ಹಾಲಿನ ಕವರು, ಕ್ಯಾನು, ಒಡೆದ ಕೊಡ, ಮುರಿದ ಕುರ್ಚಿ, ನೀರಿನ ಬಾಟಲಿಗೆ. ಅವು ಕರಗಿ ಮತ್ತೆ ಬಕೆಟ್ಟು, ಪೈಪು, ನೂಲು ಆಗಿ ಬರುತ್ತವೆ. ಬೆಲೆ ಇಲ್ಲದ್ದು ಯಾವುದಕ್ಕೆ? ಚಿಪ್ಸಿನ ಪೊಟ್ಟಣಕ್ಕೆ, ಮಸಾಲೆ ಚೀಟಿಗೆ, ಶಾಂಪೂ ಚೀಟಿಗೆ, ಕೆಸರು ಮೆತ್ತಿದ ತೆಳು ಚೀಲಕ್ಕೆ. ಹಾಗಾದರೆ ಯಂತ್ರಕ್ಕೆ ಬೇಕಾದ ಒಳ್ಳೆಯ ಮೇವು ಬಹುಮಟ್ಟಿಗೆ ಬಡವರು ಈಗಾಗಲೇ ಆಯ್ದು ಮಾರುತ್ತಿರುವ ಸರಕು. ಯಾರಿಗೂ ಬೇಡವಾಗಿ ಚರಂಡಿ ಕಟ್ಟಿಸುವ ಕಸ ಯಂತ್ರಕ್ಕೂ ಒಲ್ಲದ ಮೇವು. “ಯಾರೂ ಮುಟ್ಟದ ಕಸವನ್ನು ನಾವು ಮುಟ್ಟುತ್ತೇವೆ” ಎಂದು ಸಭೆಯಲ್ಲಿ ಹೇಳಿದವರು, ಒಪ್ಪಂದ ಕೈಗೆ ಬಂದ ಮೇಲೆ ಹಾಲಿನ ಕವರಿಗೆ ಕೈಚಾಚದೆ ಇರುತ್ತಾರೆಂದು ನಂಬಲು ನಾವು ಅಷ್ಟು ಮುಗ್ಧರಲ್ಲ. ಎಣ್ಣೆಯ ಲಾಭ ಎಲ್ಲಿದೆಯೋ ಕೈ ಅಲ್ಲಿಗೇ ಹೋಗುತ್ತದೆ.

ದೊಡ್ಡ ಬಂಡವಾಳದ ಅನುಭವವೂ ಕಣ್ಣು ತೆರೆಸುವಂಥದು. ಜರ್ಮನಿಯ ಬಿ.ಎ.ಎಸ್.ಎಫ್. ಎಂಬ ದೈತ್ಯ ರಸಾಯನ ಕಂಪನಿ 1994ರಲ್ಲಿ ತನ್ನ ಲೂಡ್ವಿಗ್ಸ್‌ಹಾಫೆನ್ ಕಾರ್ಖಾನೆಯಲ್ಲಿ ವರ್ಷಕ್ಕೆ 15,000 ಟನ್ ಪ್ಲಾಸ್ಟಿಕ್ ಕಸವನ್ನು ಎಣ್ಣೆ, ಅನಿಲಗಳಾಗಿ ಮಾಡುವ ಪ್ರಾಯೋಗಿಕ ಘಟಕವನ್ನು ನಡೆಸಿತು. ರಸಾಯನ ವಿದ್ಯೆ ಸೋಲಲಿಲ್ಲ. ಆದರೆ ಸಾಕಷ್ಟು ಕಸ ದೀರ್ಘಕಾಲ ಬರುವ ಭರವಸೆಯಾಗಲಿ, ಕಸ ಸ್ವೀಕರಿಸಲು ಕಂಪನಿಗೆ ಗಿಟ್ಟುವ ದರವಾಗಲಿ ದೊರೆಯದೆ 1996ರಲ್ಲಿ ಅದನ್ನು ಕೈಬಿಟ್ಟಿತು. ಇದರಿಂದ ಕಲಿಯಬೇಕಾದ ಪಾಠ ಒಂದೇ: ಈ ಉದ್ಯಮ ನಿಲ್ಲುವುದು ಯಂತ್ರದ ಮೇಲಲ್ಲ, ಕಸದ ಪೂರೈಕೆಯ ಕರಾರಿನ ಮೇಲೆ. ಆದ್ದರಿಂದಲೇ ಕಂಪನಿಗಳು ಕೇಳುವುದು “ದಿನಕ್ಕೆ ಇಷ್ಟು ಟನ್ ಕೊಟ್ಟೇ ಕೊಡುತ್ತೇವೆ, ತಪ್ಪಿದರೆ ದಂಡ ಕಟ್ಟುತ್ತೇವೆ” ಎಂಬ ಮುಚ್ಚಳಿಕೆಯನ್ನು. ಅಂಥ ಮುಚ್ಚಳಿಕೆಗೆ ಒಮ್ಮೆ ರುಜು ಬಿದ್ದರೆ ನಡೆಯುವುದೇನು? ಜನ ಕಸ ಕಡಿಮೆ ಮಾಡಿದರೆ ನಗರಸಭೆಗೆ ದಂಡ! ಚಿಂದಿ ಆಯುವವಳು ಹಾಲಿನ ಕವರು ಹೆಕ್ಕಿದರೆ ಅವಳು ಕಳ್ಳಿ!

ಹೊಗೆಯ ಮಾತನ್ನೂ ಮರೆಯುವಂತಿಲ್ಲ. ಹಳೆಯ ಟೈರುಗಳಿಂದ ಇದೇ ಬಗೆಯಲ್ಲಿ ಎಣ್ಣೆ ತೆಗೆಯುವ ಘಟಕಗಳು ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಎದ್ದಿವೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದ ಲೆಕ್ಕ ಹೀಗಿದೆ: 19 ರಾಜ್ಯಗಳಲ್ಲಿ 637 ಘಟಕಗಳು, ನಿಯಮ ಪಾಲಿಸುತ್ತಿದ್ದವು 251, ಪಾಲಿಸದೆ ಇದ್ದವು 270, ಮುಚ್ಚಿದ್ದವು 116. ಪಾಲಿಸುವವರಿಗಿಂತ ಪಾಲಿಸದವರೇ ಹೆಚ್ಚು! ಇಂಥ ಘಟಕಗಳ ಹಬೆಗೆ ಬೆಂಕಿ ಬೇಗ ಹತ್ತುತ್ತದೆ. ಬೆಸುಗೆ ಒಂದೆಡೆ ಬಿಟ್ಟರೂ ಅನಾಹುತ. ಅದರ ಬಳಿ ನಿಲ್ಲುವವನು ಕಂಪನಿಯ ಯಜಮಾನನಲ್ಲ, ದಿನಗೂಲಿಯ ಹುಡುಗ. ಅದರ ಹೊಗೆ ಬೀಸುವುದು ವಕೀಲರ ಬಡಾವಣೆಯತ್ತ ಅಲ್ಲ, ತಿಪ್ಪೆಯ ಮಗ್ಗುಲಲ್ಲಿ ಗುಡಿಸಲು ಕಟ್ಟಿಕೊಂಡವರತ್ತ. ಎಲ್ಲವೂ ನಿಯಮದಂತೆ ನಡೆದರೂ, ಹೊರಬಂದ ಎಣ್ಣೆಯನ್ನು ಕೊನೆಗೆ ಸುಡಲೇಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಆಕಾಶಕ್ಕೇರುತ್ತದೆ. ನೆಲದ ಮೇಲಿದ್ದ ಕಸ ಆಗ ಆಕಾಶಕ್ಕೆ ಹೋಯಿತೇ ಹೊರತು ಇಲ್ಲವಾಗಲಿಲ್ಲ.

ಹಾಗಾದರೆ ಯಂತ್ರ ಬೇಡವೇ? ಬೇಡವೆಂದು ನಾವು ಹೇಳುವುದಿಲ್ಲ. ಮತ್ತೆ ಕರಗಿಸಲು ಬಾರದ ಕಸವನ್ನು ಬೀದಿಯಲ್ಲಿ ಬೆಂಕಿಯಿಟ್ಟು ಸುಡುವುದಕ್ಕಿಂತ, ಕೆರೆಗೆ ತುಂಬುವುದಕ್ಕಿಂತ, ಚೆನ್ನಾಗಿ ನಡೆಸಿದ ಘಟಕ ಮೇಲು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳೂ ಕಸದಿಂದ ಎಣ್ಣೆ ತೆಗೆಯುವುದನ್ನು, ರಸ್ತೆಗೆ ಬಳಸುವುದನ್ನು ಸ್ಥಳೀಯ ಸಂಸ್ಥೆಗಳು ಪ್ರೋತ್ಸಾಹಿಸಬೇಕೆಂದು ಹೇಳಿದವು. ಆದರೆ ಅದಕ್ಕೆ ಆದಷ್ಟೂ ಮರುಬಳಕೆಗೆ ಬಾರದ ಪ್ಲಾಸ್ಟಿಕ್ಕನ್ನೇ ಬಳಸಬೇಕೆಂಬ ಸೂಚನೆಯೂ ಅಲ್ಲಿಯೇ ಇದೆ. ಸಭೆಯಲ್ಲಿ ನಿಯಮದ ಮೊದಲರ್ಧವನ್ನು ಓದಿದವರು ಉಳಿದರ್ಧವನ್ನು ನುಂಗಿದರು. ನುಂಗಿದ ಆ ಅರ್ಧದಲ್ಲಿಯೇ ಬಡವರ ಅನ್ನವಿದೆ.

ಇಲ್ಲಿ ನಮಗೊಂದು ಹಳೆಯ ಹೋರಾಟ ನೆನಪಾಗುತ್ತದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಎಚ್. ಗಣಪತಿಯಪ್ಪನವರು ಅವರನ್ನು ಕಟ್ಟಿ ನಿಲ್ಲಿಸಿದರು, ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತರು, ಡಾ. ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಆ ಹೋರಾಟಕ್ಕೆ ಕಿಡಿ ಹೊತ್ತಿದ್ದು ಯಾವುದರಿಂದ? ಕೊಳಗದಿಂದ. ಗೇಣಿಯ ಭತ್ತ ಅಳೆಯುವ ಕೊಳಗ ಒಡೆಯನ ಮನೆಯದು, ನ್ಯಾಯವಾದ ಅಳತೆಗಿಂತ ದೊಡ್ಡದು. ಬೆಳೆದವನು ಒಬ್ಬ, ಅಳತೆ ಹಿಡಿದವನು ಇನ್ನೊಬ್ಬ. ಅಳತೆ ಯಾರ ಕೈಯಲ್ಲಿದೆಯೋ ಬೆಳೆ ಅವನದೇ ಆಗುತ್ತದೆ ಎಂಬುದನ್ನು ಕಾಗೋಡಿನ ರೈತ ಪುಸ್ತಕ ಓದಿ ತಿಳಿಯಲಿಲ್ಲ. ತನ್ನ ಕಣಜ ಬರಿದಾದದ್ದನ್ನು ನೋಡಿ ತಿಳಿದ. ಆ ಕೊಳಗದ ಜಗಳವೇ ಬೆಳೆದು ಉಳುವವನಿಗೆ ಭೂಮಿ ಎಂಬ ಮಾತಾಯಿತು. 1974ರಲ್ಲಿ ಭೂಸುಧಾರಣೆಯ ಕಾಯಿದೆಯೂ ಬಂತು.

ಇಂದು ಕಸದ ಕೊಳಗ ಯಾರ ಕೈಯಲ್ಲಿದೆ? ಗುಜರಿ ಅಂಗಡಿಯ ತಕ್ಕಡಿ ಅಂಗಡಿಯವನದು, ಬೆಲೆಯೂ ಅವನದೇ. ಇನ್ನು ಮೇಲಿನ ಮಟ್ಟದಲ್ಲಿ ಇದಕ್ಕಿಂತ ದೊಡ್ಡ ಕೊಳಗವೊಂದು ತಯಾರಾಗಿದೆ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸರಕು ಮಾರುವ ಕಂಪನಿಗಳು ಅಷ್ಟು ಪ್ಲಾಸ್ಟಿಕ್ಕನ್ನು ವಿಲೇವಾರಿ ಮಾಡಿಸಿದ ಪ್ರಮಾಣಪತ್ರ ತೋರಿಸಬೇಕೆಂಬ ಏರ್ಪಾಡು 2022ರಿಂದ ಬಂದಿದೆ. ಪ್ರಮಾಣಪತ್ರವನ್ನು ಹಣ ಕೊಟ್ಟು ಕೊಳ್ಳಬಹುದು. ಆದುದೇನು? 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಸುಮಾರು 6 ಲಕ್ಷ ಪ್ರಮಾಣಪತ್ರಗಳು ಸುಳ್ಳೆಂದು ಹೊರಬಿತ್ತು; ಅವುಗಳನ್ನು ಹುಟ್ಟಿಸಿದ ಘಟಕಗಳು ಗುಜರಾತ್, ಮಹಾರಾಷ್ಟ್ರ ಮತ್ತು ನಮ್ಮ ಕರ್ನಾಟಕದಲ್ಲಿದ್ದವು. ಎತ್ತದ ಕಸವನ್ನು ಎತ್ತಿದೆವೆಂದು ಕಾಗದದಲ್ಲಿ ಅಳೆದರು. ನಿಜವಾಗಿ ಬಗ್ಗಿ ಎತ್ತಿದವಳಿಗೆ ಆ ಕಾಗದದಲ್ಲಿ ಒಂದು ಸಾಲಿನ ಜಾಗವೂ ಇಲ್ಲ.

ಆಕೆ ಯಾರು? ಬಹುಪಾಲು ದಲಿತಳು; ಬರಗಾಲಕ್ಕೆ ಊರು ಬಿಟ್ಟು ಬಂದವಳು; ಗಂಡ ತೀರಿಕೊಂಡವಳು; ಸಂಬಳವಿಲ್ಲ, ರಜೆಯಿಲ್ಲ, ಕೈಗವಸಿಲ್ಲ. ಕಸ ಹಾಕುವ ಕೈಯನ್ನು ಶುದ್ಧವೆಂದೂ ಎತ್ತುವ ಕೈಯನ್ನು ಮೈಲಿಗೆಯೆಂದೂ ಎಣಿಸುವ ಸಮಾಜ ನಮ್ಮದು. ಕಸಕ್ಕೆ ಬೆಲೆಯಿಲ್ಲದಿದ್ದಾಗ ಅದು ಅವಳ ಪಾಲಿಗೆ. ಎಣ್ಣೆಯಾಗುತ್ತದೆಂದು ತಿಳಿದ ಕೂಡಲೇ ಟೆಂಡರು, ಗುತ್ತಿಗೆ, ಬೇಲಿ, ಕಾವಲುಗಾರ! ಊರ ಗೋಮಾಳಕ್ಕೆ ಬೆಲೆ ಬಂದಾಗ ನಡೆದದ್ದೇ ಈಗ ಊರ ತಿಪ್ಪೆಗೂ ನಡೆಯಹೊರಟಿದೆ.

ಬೇರೆ ದಾರಿ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಪುಣೆಯಲ್ಲಿ ಚಿಂದಿ ಆಯುವವರು 1993ರಲ್ಲೇ ತಮ್ಮ ಸಂಘ ಕಟ್ಟಿಕೊಂಡರು. ಅದರಿಂದ ಹುಟ್ಟಿದ ಸ್ವಚ್ಛ್ ಎಂಬ ಸಹಕಾರ ಸಂಸ್ಥೆ 2008ರಲ್ಲಿ ಅಲ್ಲಿನ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಎತ್ತುವ ಕೆಲಸವನ್ನು ಪಡೆಯಿತು. ಬೆಂಗಳೂರಿನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರಪಾಲಿಕೆ 2011ರಿಂದ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡತೊಡಗಿತು. ಮುಂದೆ ಎಷ್ಟೋ ವಾರ್ಡುಗಳಲ್ಲಿ ಒಣಕಸ ಸಂಗ್ರಹ ಕೇಂದ್ರಗಳನ್ನು ನಡೆಸುವ ಹೊಣೆಯೂ ಅವರಿಗೇ ಬಂತು. ಬೀದಿಯಲ್ಲಿ ಆಯುತ್ತಿದ್ದವರೇ ಲೆಕ್ಕ ಬರೆದರು, ತೂಕ ಹಾಕಿದರು. ಅಲ್ಲಿ ಆದದ್ದು ನಮ್ಮ ಜಿಲ್ಲಾ ಕೇಂದ್ರದಲ್ಲಿ ಏಕಾಗಬಾರದು?

ಆದ್ದರಿಂದ ನಗರಸಭೆಯ ಮುಂದೆ ಈ ಕೆಳಗಿನ ಬೇಡಿಕೆಗಳನ್ನಿಡುತ್ತೇವೆ.

ಒಂದು: ಕಂಪನಿಯೊಡನೆ ಮಾಡಿಕೊಳ್ಳುವ ಒಪ್ಪಂದದ ಕರಡನ್ನು ಸಂಪೂರ್ಣವಾಗಿ ಕನ್ನಡದಲ್ಲಿ ಅಚ್ಚು ಹಾಕಿಸಿ, ರುಜುವಿಗೆ ಮೊದಲೇ ಪ್ರತಿ ವಾರ್ಡಿನಲ್ಲಿ ಓದಿ ಹೇಳಬೇಕು.

ಎರಡು: ದಿನಕ್ಕೆ ಇಂತಿಷ್ಟು ಕಸ ಕೊಟ್ಟೇ ತೀರಬೇಕೆಂಬ, ತಪ್ಪಿದರೆ ದಂಡವೆಂಬ ಷರತ್ತು ಒಪ್ಪಂದದಲ್ಲಿ ಇರಲೇಕೂಡದು.

ಮೂರು: ಒಣಕಸವನ್ನು ಬೇರ್ಪಡಿಸುವ ಕೇಂದ್ರವನ್ನು ಚಿಂದಿ ಆಯುವವರ ಸಹಕಾರ ಸಂಘಕ್ಕೆ ಒಪ್ಪಿಸಬೇಕು. ಮರುಬಳಕೆಗೆ ಬರುವ ಸರಕು ಸಂಘದ್ದು. ಅವರು ಆಯ್ದು ಉಳಿದದ್ದು ಮಾತ್ರ ಯಂತ್ರಕ್ಕೆ, ಅದೂ ಬೆಲೆ ಕೊಟ್ಟು.

ನಾಲ್ಕು: ತಕ್ಕಡಿ ಬಯಲಲ್ಲಿರಬೇಕು. ದಿನದ ತೂಕ ಮತ್ತು ಬೆಲೆಯನ್ನು ಹಲಗೆಯ ಮೇಲೆ ಬರೆಯಬೇಕು. ಪ್ರಮಾಣಪತ್ರದಿಂದ ಬರುವ ಹಣದಲ್ಲಿ ಸಂಘಕ್ಕೂ ಪಾಲು ಸಲ್ಲಬೇಕು.

ಐದು: ಚಿಮಣಿಯಿಂದ ಹೊರಡುವ ಹೊಗೆಯ ಪರೀಕ್ಷೆಯ ಫಲಿತಾಂಶ ತಿಂಗಳಿಗೊಮ್ಮೆ ಪ್ರಕಟವಾಗಬೇಕು. ಕೆಲಸಗಾರರಿಗೆ ಕಾಯಂ ನೇಮಕ, ವಿಮೆ ಇರಬೇಕು. ಗುಡಿಸಲುಗಳ ಮಗ್ಗುಲಲ್ಲಿ ಘಟಕ ಬೇಡ.

ಈ ಬೇಡಿಕೆಗಳನ್ನು ಒಪ್ಪಿದರೆ ನಮಗೆ ಲಾಭವಿಲ್ಲ ಎಂದು ಕಂಪನಿ ಹೇಳಬಹುದು. ಹಾಗೆ ಹೇಳಿದ ದಿನ ಸತ್ಯ ಹೊರಬರುತ್ತದೆ: ಅವರ ಲಾಭ ಇದ್ದದ್ದು ಯಂತ್ರದಲ್ಲಲ್ಲ, ಬಡವಳ ಚೀಲದಲ್ಲಿ.

ಕೊನೆಗೆ ಇನ್ನೊಂದು ಮಾತು. ಮನೆಯಲ್ಲಿ ನಲ್ಲಿ ಬಿಟ್ಟು ನೀರು ತುಂಬಿ ಹರಿಯುತ್ತಿದ್ದರೆ ಬುದ್ಧಿವಂತರು ಮೊದಲು ನಲ್ಲಿ ಕಟ್ಟುತ್ತಾರೆ, ಆಮೇಲೆ ನೆಲ ಒರೆಸುತ್ತಾರೆ. ನಮ್ಮ ಸರಕಾರಗಳದು ತಿರುವುಮುರುವು. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ ಬಂತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳಿಗೆ ದೇಶಾದ್ಯಂತ ನಿಷೇಧ ಬಂತು. ನಿಷೇಧದ ಬಿಸಿ ತಾಗಿದ್ದು ಯಾರಿಗೆ? ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿಗೆ, ತಳ್ಳುಗಾಡಿಯ ಹಣ್ಣಿನವನಿಗೆ. ಅವರ ಚೀಲ ಕಿತ್ತು ದಂಡ ಹಾಕುವ ಅಧಿಕಾರಿ, ಆ ಚೀಲ ಹುಟ್ಟಿದ ಕಾರ್ಖಾನೆಯ ಬಾಗಿಲನ್ನು ತಟ್ಟಿದ್ದನ್ನು ನಮ್ಮ ಊರಿನಲ್ಲಿ ಯಾರೂ ಕಂಡಿಲ್ಲ. ಚಿಪ್ಸಿನ ಪೊಟ್ಟಣ, ಶಾಂಪೂ ಚೀಟಿಗಳನ್ನು ಕೋಟಿಗಟ್ಟಲೆ ಹರಿಯಬಿಡುವ ದೊಡ್ಡ ಕಂಪನಿಗಳ ಮುಂದೆ ಆ ನಿಷೇಧ ತಲೆ ತಗ್ಗಿಸಿ ನಿಂತಿದೆ. ಎಣ್ಣೆಯ ಯಂತ್ರ ನೆಲ ಒರೆಸುವ ಬಟ್ಟೆ; ಬಟ್ಟೆ ಬೇಕು ನಿಜ. ಆದರೆ “ಬಟ್ಟೆ ಬಂತಲ್ಲ, ಇನ್ನು ನಲ್ಲಿ ಬಿಟ್ಟಿರಿ” ಎನ್ನುವವರ ಬಗ್ಗೆ ಎಚ್ಚರವಿರಲಿ.

ಗೋಣಿಚೀಲದ ಆ ತಾಯಿಗೆ ನಮ್ಮ ಉತ್ತರ ಇದು. ಅಮ್ಮಾ, ಯಂತ್ರ ನಿನ್ನ ಹಾಲಿನ ಕವರನ್ನು ತಿನ್ನುವುದೋ ಬಿಡುವುದೋ ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ತೀರ್ಮಾನಿಸುವುದು ಒಪ್ಪಂದದ ಕಾಗದ. ಕಾಗದ ಬರೆಯುವ ದಿನ ನೀನು ಕಿಟಕಿಯ ಹೊರಗೆ ನಿಲ್ಲಬೇಡ. ನಿನ್ನಂಥವರನ್ನೆಲ್ಲ ಕರೆದುಕೊಂಡು ಒಳಗೆ ಬಾ. ನಗರಸಭೆಯ ಮುಂದಿನ ಸಾಮಾನ್ಯ ಸಭೆಯ ದಿನ ಬೆಳಿಗ್ಗೆ ಗುಜರಿ ಸಂತೆಯ ಬಯಲಿನಿಂದ ಪುರಭವನದವರೆಗೆ ಮೆರವಣಿಗೆ ಹೊರಡುತ್ತದೆ. ಪಕ್ಷದ ಕಾರ್ಯಕರ್ತರೂ, ಪೌರಕಾರ್ಮಿಕರೂ, ಈ ಪತ್ರಿಕೆಯ ಓದುಗ ಬಂಧುಗಳೂ ಜೊತೆಗಿರಬೇಕೆಂದು ಕೋರುತ್ತೇವೆ. ಬರುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ವಾರದ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಚೀಲದಲ್ಲಿ ತನ್ನಿ. ಪುರಭವನದ ಮೆಟ್ಟಿಲ ಮೇಲೆ, ಎಲ್ಲರ ಕಣ್ಣೆದುರಿಗೆ, ಅದನ್ನು ತೂಗೋಣ. ತಕ್ಕಡಿ ಹಿಡಿಯುವ ಕೈ ಆ ತಾಯಿಯದಾಗಿರಲಿ.